ಹಣ್ಣು ಹುಳದ ಶನಿವಾರ

ಸದ್ದು ನಿಂತಿದೆ — ಪೂರ್ತಿ ನಿಂತಿಲ್ಲ, ಅಲ್ಲೊಂದು ಇಲ್ಲೊಂದು ಇನ್ನೂ ಎಲೆಯಂಚು ಕಡಿಯುತ್ತಿದೆ, ಆದರೆ ನೆನ್ನೆಯವರೆಗೂ ಗೋಡೆಯಾಚೆಯಿಂದ ಬರುತ್ತಿದ್ದ ಆ ಸದ್ದು, ಕಬ್ಬಿನ ಒಣಸೋಗೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆಯುತ್ತಲೇ ಇರುವ ಹಾಗೆ ಬರುತ್ತಿದ್ದ ಸದ್ದು, ಈ ಬೆಳಿಗ್ಗೆ ಇಲ್ಲ, ಜಗುಲಿಯ ಮೇಲೆ ಮಲಗಿದ್ದ ದೊಡ್ಡಸಿದ್ದಯ್ಯನಿಗೆ ಕಣ್ಣು ಬಿಡುವ ಮೊದಲೇ ಅದು ಗೊತ್ತಾಯಿತು, ರೇಷ್ಮೆ ಹುಳ ಮೇವು ಬಿಟ್ಟಿವೆ, ಹಣ್ಣಾಗಿವೆ, ನಾಳೆ ಆಗಬೇಕಿತ್ತು, ಇವತ್ತೇ ಆಗಿವೆ. ಹಣ್ಣಾದ ಹುಳು ಸೊಪ್ಪು ಮೂಸುವುದಿಲ್ಲ, ಮೈ ಕುಗ್ಗಿ, ಒಳಗೆ ದೀಪ ಇಟ್ಟ ಹಾಗೆ ಹಳದಿಗೆ ತಿರುಗುತ್ತದೆ, ಅವತ್ತೇ ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಬಿದಿರಿನ ಸುರುಳಿ ಹೆಣೆದ ಆ ತಟ್ಟಿಯ ಸಂದಿನಲ್ಲಿ ಕೂತು ಅದು ಗೂಡು ಕಟ್ಟಿಕೊಳ್ಳುತ್ತದೆ, ಬಿಡದಿದ್ದರೆ ಕಸದಲ್ಲೇ, ಹಿಕ್ಕೆಯಲ್ಲೇ, ಒಂದರ ಮೇಲೊಂದು ಬಿದ್ದು ನೂಲು ಸುರಿದು ಕೆಟ್ಟುಹೋಗುತ್ತದೆ, ನಾಳೆ ಅನ್ನುವುದು ಹಣ್ಣು ಹುಳಕ್ಕೆ ಇಲ್ಲ, ಅವನು ಕಣ್ಣು ಬಿಟ್ಟ, ಜಂತೆ ನೋಡಿದ, ಇವತ್ತು ಶನಿವಾರ ಅಂದುಕೊಂಡ, ಅಂದುಕೊಂಡರೂ ಎದೆಯಲ್ಲಿ ಏನೂ ಅಲ್ಲಾಡಲಿಲ್ಲ, ಮೂರು ತಿಂಗಳಿಂದ ಹಾಗೆಯೇ, ಕಾಲು ಜೋಮು ಹಿಡಿದಾಗ ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗಿರುತ್ತದಲ್ಲ, ಹಾಗೆ.

ಶನಿವಾರ ಅಂದರೆ ಶುಕ್ರವಾರ ಹೊತ್ತು ಮುಳುಗಿದಾಗಲೇ ಶುರು, ಆಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ಸಬ್ಬತ್ತು, ಅಷ್ಟು ಹೊತ್ತು ಈ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಗುದ್ದಲಿ ಏಳುವುದಿಲ್ಲ, ಕರೆದ ಹಾಲು ಡೈರಿಗೆ ಹೋಗದೆ ಎದುರು ಮನೆಯ ಅಕ್ಕನಿಗೆ ಹೋಗುತ್ತದೆ, ಮೂವತ್ತು ವರ್ಷವಾಯಿತು, ಮಳವಳ್ಳಿಯ ಕ್ರೈಸ್ತ ಸಭೆಯಲ್ಲಿ ಅವನೂ ಅವನ ಹೆಂಡತಿ ಪಟ್ಟಲಮ್ಮನೂ ದೀಕ್ಷಾಸ್ನಾನಕ್ಕೆ ನೀರಿಗಿಳಿದು ಎದ್ದ ವರ್ಷದಿಂದ ಒಂದೊಂದಾಗಿ ಬಿಟ್ಟುಕೊಂಡು ಬಂದದ್ದು. ಹೆಸರು ಬದಲಾಯಿಸಿಕೊಳ್ಳಮ್ಮ, ಅದು ಊರದೇವತೆ ಹೆಸರಲ್ಲವಾ ಅಂತ ಆಗಿನ ಪಾಸ್ಟ್ರು ಹೇಳಿದ್ದರು, ಅವಳು ನಮ್ಮವ್ವ ಕೂಗ್ತಿದ್ದ ಹೆಸ್ರು ಸ್ವಾಮಿ, ಬೇರೆ ಹೆಸ್ರಲ್ಲಿ ಕೂಗುದ್ರೆ ನಾನು ತಿರುಗಲ್ಲ, ದೇವ್ರು ಕೂಗುದ್ರೂ ಅಷ್ಟೆ ಅಂದಿದ್ದಳು, ಪಾಸ್ಟ್ರು ನಕ್ಕು ಬಿಟ್ಟುಬಿಟ್ಟಿದ್ದರು. ಆದರೆ ದಿನ ಹಿಡಿದವಳು ಅವಳೇ, ಅವನಲ್ಲ, ಅವನು ಅವಳ ಹಿಂದೆ ಹಿಂದೆ ಹೋದವನು, ಶುಕ್ರವಾರ ಮಧ್ಯಾಹ್ನದಿಂದ ಅವಳನ್ನು ನೋಡಬೇಕಿತ್ತು, ಸೀರೆ ಎತ್ತಿ ಕಟ್ಟಿ, ಕಡಾಯ ತುಂಬಿಸಿ, ಸೌದೆ ಒಳಗಿಟ್ಟು, ಅವರೆಕಾಳು ಸಾರು ಕುದಿಸಿ, ನಾಳೆಗೂ ಸೇರಿಸಿ ಅನ್ನ ಬಸಿದು, ಹುಳಕ್ಕೆ ಸೊಪ್ಪು ಕುಯ್ದು ಒದ್ದೆ ಗೋಣಿತಾಟು ಮುಚ್ಚಿ, ಹೊತ್ತು ಇನ್ನೊಂದು ಮಾರು ಇದೆ ಅನ್ನುವಾಗ ಮುಖ ತೊಳೆದು ಜಗುಲಿಗೆ ಬಂದು ಕೂತಳು ಅಂದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವುದಿಲ್ಲವೇನೋ ಅನ್ನುವ ಹಾಗೆ. ಶಿವನಸಮುದ್ರದ ಪವರ್‌ಹೌಸಿನಲ್ಲಿ ಮಗ ಕೆಂಪರಾಜುವಿಗೆ ಕೆಲಸ ಸಿಕ್ಕಿತು, ಪಾಳಿ ಕೆಲಸ, ಶನಿವಾರವೂ ಬರುತ್ತದೆ, ಕರೆಂಟಿಗೇನವ್ವ ಸಬ್ಬತ್ತು ಅಂದ, ಅವಳು ಜಗಳವಾಡಲಿಲ್ಲ, ಆದರೆ ಆ ವಾರದಿಂದ ಶುಕ್ರವಾರ ಸಂಜೆ ಮೇನ್ ಸ್ವಿಚ್ಚು ಕೆಳಗಿಳಿಸಿ ಸೀಮೆಎಣ್ಣೆ ಬುಡ್ಡಿ ಹಚ್ಚತೊಡಗಿದಳು, ಮಗ ಶನಿವಾರ ದುಡ್ದಿದ್ದು ನಮ್ಮನೇಲಿ ಉರೀಬಾರ್ದು ಅಂತ, ಕೆಂಪರಾಜು ಅಪ್ಪನ ಮುಖ ನೋಡಿದ, ಅಪ್ಪ ಬುಡ್ಡಿಗೆ ಬತ್ತಿ ಹೊಸೆಯುತ್ತಿದ್ದ. ಹುಳಕ್ಕೂ ಅವಳದೇ ಕಾನೂನು, ಶನಿವಾರ ಸೊಪ್ಪು ಹಾಕಬಹುದು, ಹಸುವಿಗೆ ಹುಲ್ಲು ಹಾಕಿದ ಹಾಗೆ, ಸೊಪ್ಪು ಕುಯ್ಯಬಾರದು, ಹಣ್ಣು ಆರಿಸಬಾರದು, ಹಣ್ಣು ಆರಿಸುವುದು ಕುಯ್ಲು, ಕುಯ್ಲು ಕೆಲಸ. ಅದಕ್ಕೇ ಮರಿಹುಳ ತರುವ ದಿನವನ್ನೇ ಅವಳು ಬೆರಳ ಗೆಣ್ಣಿನಲ್ಲಿ ಎಣಿಸಿ ಹೇಳುತ್ತಿದ್ದಳು, ಭಾನುವಾರವೋ ಸೋಮವಾರವೋ ತರಬೇಕು, ಆಗ ಹದಿನೇಳನೇ ದಿನ ಬುಧವಾರ ಗುರುವಾರಕ್ಕೆ ಬೀಳುತ್ತದೆ, ಬಿಸಿಲಿಗೆ ಒಂದು ದಿನ ಮುಂದೆ ಬಂದರೂ, ಚಳಿಗೆ ಒಂದು ದಿನ ಹಿಂದೆ ಹೋದರೂ ಸಬ್ಬತ್ತು ಮುಟ್ಟುವುದಿಲ್ಲ, ಇಷ್ಟು ವರ್ಷದಲ್ಲಿ ಒಂದು ಬೆಳೆಯೂ ಮುಟ್ಟಿರಲಿಲ್ಲ.

ಈ ಸಲ ಮರಿಹುಳ ಗುರುವಾರ ಬಂತು. ತಂದವಳು ಸೊಸೆ ಶೋಭಿತಾ, ಮರಿ ಸಾಕುವ ಕೇಂದ್ರದವರು ಮೂರು ದಿನ ತಡ ಮಾಡಿ ಕೊಟ್ಟರು ಮಾವ ಅಂತ ತಟ್ಟೆ ಇಳಿಸುತ್ತಿದ್ದಾಗ ಅವನು ಇದೇ ಜಗುಲಿಯ ಮೇಲಿದ್ದ, ಬೆರಳು ತಾನೇ ತಾನಾಗಿ ಎಣಿಸಿಕೊಂಡಿತು, ಗುರುವಾರಕ್ಕೆ ಹದಿನೇಳು ಸೇರಿದರೆ ಭಾನುವಾರ, ಮಾರ್ಚ್ ತಿಂಗಳ ಕಾವು, ಒಂದು ದಿನ ಮುಂದೆ ಬಂದರೆ ಶನಿವಾರ, ಬೆರಳಿಗೆ ಗೊತ್ತಾಯಿತು, ಬಾಯಿಗೆ ಬರಲಿಲ್ಲ, ಹೇಳಬಹುದಿತ್ತು, ಒಂದೆರಡು ದಿನ ಬಿಟ್ಟು ಬೇರೆ ತರಾನ ಅಂತ ಅಂದಿದ್ದರೆ ಅವಳು ಕೇಳುತ್ತಿದ್ದಳು, ಅವನು ಹೂಂ ಅಂದ, ಅಷ್ಟೇ, ಯಾಕೆ ಅಂದನೋ, ಆಗ ಯಾವುದಕ್ಕೂ ಹೂಂ ಅನ್ನುತ್ತಿದ್ದ, ಊಟ ಹಾಕ್ಲಾ ಮಾವ ಹೂಂ, ಸಾಕಾ ಮಾವ ಹೂಂ. ಶೋಭಿತಾ ಬೆಸಗರಹಳ್ಳಿ ಕಡೆಯವಳು, ಅವಳ ತವರಿನಲ್ಲಿ ಸಭೆ ಗಿಭೆ ಇಲ್ಲ, ಸಭೆಗೆ ಬಂದರೂ ಹಿಂದಿನ ಚಾಪೆಯಲ್ಲಿ ಕೂರುತ್ತಾಳೆ, ನೀರಿಗಿಳಿದಿಲ್ಲ, ಇಳಿ ಅಂತ ಪಟ್ಟಲಮ್ಮನೂ ಅಂದವಳಲ್ಲ, ತಿಳ್ಕೊಂಡು ಇಳೀಲಿ ಬುಡು, ಒದ್ದೆ ಆಗೋದೇನ್ ದೊಡ್ಡದಾ ಅನ್ನುತ್ತಿದ್ದಳು. ಅತ್ತೆ ಹೋದ ಮೇಲೆ ಅವಳೊಬ್ಬಳೇ ನಡೆಸಿದ ಮೊದಲ ಬೆಳೆ ಇದು, ಹದಿನಾರು ದಿನದಿಂದ ಬೆನ್ನು ನೆಲಕ್ಕೆ ಹಾಕಿದ್ದಾಳೋ ಇಲ್ಲವೋ, ಸೊಪ್ಪಿನ ಹಾಲು ಹತ್ತಿ ಬೆರಳ ಸಂದಿಯೆಲ್ಲ ಕಪ್ಪಾಗಿದೆ, ಇದೊಂದ್ ಬೆಳೆ ನೋಡಾನ, ಕೆಟ್ಟೋದ್ರೆ ಅವ್ವ ಹಾಕಿದ ಹಿಪ್ಪನೇರಳೆ ತೋಟ ಕಿತ್ತು ಕಬ್ಬು ನೆಡ್ತೀನಿ ಅಂತ ಕೆಂಪರಾಜು ಮೊದಲೇ ಹೇಳಿಬಿಟ್ಟಿದ್ದಾನೆ, ಹೇಳಿದರೆ ಮಾಡುವವನೇ ಅವನು. ಬಿಸಿಲು ಅಂಗಳಕ್ಕಿಳಿಯುವ ಹೊತ್ತಿಗೆ ಅವಳು ಹುಳದ ಮನೆಯಿಂದ ಬಂದು ಕಂಬ ಹಿಡಿದು ನಿಂತಳು, ಸೆರಗಿನಲ್ಲಿ ಹಿಕ್ಕೆ ಅಂಟಿತ್ತು, ಮಾವ, ಆಗೋದೊ, ಅರ್ಧಕ್ಕರ್ಧ ಹಣ್ಣಾಗೋದೊ ಅಂದಳು, ಅವನು ನೋಡಿದ, ಅವಳು ಹಿಕ್ಕೆ ಕೊಡವಿಕೊಂಡು, ನಾನು ನೀರಿಗಿಳಿದೋಳಲ್ಲ, ನಾನು ಎತ್ತಾಕುದ್ರೆ ಆಯ್ತದಾ ಅಂತ ಕೇಳಿದಳು.

ಆಯ್ತದಾ. ಸಬ್ಬತ್ತಿನ ಆಜ್ಞೆಯನ್ನು ಪಟ್ಟಲಮ್ಮ ಓದಲು ಬಾರದೆಯೂ ಪಾಠ ಮಾಡಿಕೊಂಡಿದ್ದಳು, ನೀನು ಅಷ್ಟೇ ಅಲ್ಲ, ಮಗ ಮಗಳು ಆಳು ಕಾಳು ಎತ್ತು ಕತ್ತೆ, ಬಾಗಿಲೊಳಗೆ ಬಂದ ನೆಂಟನೂ ಸೇರಿ, ಯಾರೂ ಕೆಲಸ ಮಾಡಕೂಡದು, ಸೊಸೆ ಅಂತ ಅದರಲ್ಲಿ ಇದೆಯೋ ಇಲ್ಲವೋ ಅವನಿಗೆ ನೆನಪಾಗಲಿಲ್ಲ, ಇರಬೇಕು, ಎಲ್ಲರೂ ಅಂದಮೇಲೆ ಸೊಸೆಯೂ. ಗುಂಡಿಗೆ ಬಿದ್ದ ಕುರಿಯನ್ನು ಸಬ್ಬತ್ತಿನ ದಿನ ಎತ್ತಬಹುದು ಅಂತ ಈಗಿನ ಪಾಸ್ಟ್ರು ಒಂದು ಸಲ ಹೇಳಿದ್ದರು, ಹುಳು ಗುಂಡಿಗೆ ಬಿದ್ದಿಲ್ಲ, ತಟ್ಟೆಯಲ್ಲೇ ಇದೆ. ಶೋಭಿತಾ ಕಂಬ ಬಿಟ್ಟು ಹೋಗಲಿಲ್ಲ, ಅಷ್ಟರಲ್ಲಿ ಎದುರು ಮನೆಯಿಂದ ಅಕ್ಕ ಹೊಂಬಾಳಮ್ಮ ಹಾಲಿನ ಪಾತ್ರೆ ತೊಳೆದು ವಾಪಸು ತಂದಳು, ಎಂಬತ್ತಾಯಿತು, ನಡು ಬಾಗಿದೆ, ನಾಲಿಗೆ ಬಾಗಿಲ್ಲ, ತಮ್ಮ ಬೇರೆ ದೇವರ ಹಿಂದೆ ಹೋದ ಅಂತ ಎರಡು ವರ್ಷ ಮಾತು ಬಿಟ್ಟಿದ್ದವಳು, ಆಮೇಲೆ ಶನಿವಾರದ ಹಾಲಿಗೆ ಒಗ್ಗಿಕೊಂಡವಳು. ಏನ್ಲಾ ಸಿದ್ದ, ನಿಮ್ ದೇವ್ರು ಉಳಕ್ಕೂ ರಜ ಕೊಟ್ಟವ್ನಾ ಅಂದಳು, ಶೋಭಿತಾಳ ಸೆರಗು ಬಾಯಿಗೆ ಹೋಯಿತು, ನಗುವೋ ಏನೋ, ಅಕ್ಕ ಬಿಡಲಿಲ್ಲ, ನಾನ್ ಬಂದ್ ಆರುಸ್ಕೊಡ್ತೀನಿ, ನನ್ ದೇವ್ರು ಎಂಟಾಳು ಕೆಲ್ಸ ಮಾಡುಸ್ತನೆ, ಸನಿವಾರ ಗಿನಿವಾರ ಕೇಳಲ್ಲ ಅಂದಳು, ಬ್ಯಾಡ ಬುಡಕ್ಕ ಅಂದ ಅವನು, ಬಾಗಿಲೊಳಗೆ ಬಂದ ನೆಂಟನೂ ಸೇರಿ. ಅಕ್ಕ ಪಾತ್ರೆಯನ್ನು ಜಗುಲಿಯ ಮೇಲೆ ಇಟ್ಟಳು, ಕುಕ್ಕಲಿಲ್ಲ, ಮೆಲ್ಲಗೆ ಇಟ್ಟಳು, ಅವಳ್ನ ಒತ್ತು ಮುಳುಗೋಗಂಟ ಕೂರುಸ್ಕೊಂಡೆ, ಇವನ್ನೂ ಕೂರುಸ್ಕೊ ಕಣ್ಲಾ ಅಂದಳು, ಬೀದಿ ದಾಟಿ ಹೋದಳು. ಮಾತು ಬಂದು ತಾಗಿತು, ತಾಗಿದ್ದು ಕಂಡಿತು, ನೋವಾಗಲಿಲ್ಲ, ಯಾರದೋ ಮನೆ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಶೋಭಿತಾ ಒಳಗೆ ಹೋದಳು, ಫೋನಿನಲ್ಲಿ ಕೆಂಪರಾಜುವಿನ ಗಂಟಲು ಬಾಗಿಲವರೆಗೂ ಬರುತ್ತಿತ್ತು, ಡ್ಯೂಟಿ ಮಧ್ಯೆ ಕರೆದಿದ್ದಾಳೆ, ಅಪ್ಪುನ್ನ ಯಾಕ್ ಕೇಳಕ್ಕೋದೆ, ನೀನ್ ಎತ್ತಾಕು ಅನ್ನುತ್ತಿದ್ದಾನೆ, ಅವಳು ಮೆತ್ತಗೆ, ಅತ್ತೆ ಹೇಳ್ಕೊಟ್ಟಿರೋ ಕೆಲ್ಸ ಇದು, ಮಾವ ಹೇಳ್ದೆ ನಾನು ಮುಟ್ಟಲ್ಲ ಅಂದಳು, ಆ ಮೇಲೆ ಫೋನಿನ ಸದ್ದೂ ನಿಂತಿತು, ಎಲ್ಲ ಅವನ ಬಾಯಿಯ ಒಂದು ಮಾತಿಗೆ ಬಂದು ಕೂತಿದೆ.

ಮಧ್ಯಾಹ್ನ ನೆನ್ನೆಯ ಅನ್ನ ನೆನ್ನೆಯ ಸಾರು ತಿಂದು ಅವನು ಎದ್ದು ಹುಳದ ಮನೆಯ ಬಾಗಿಲವರೆಗೆ ಹೋದ, ಒಳಗೆ ಹೋಗಲಿಲ್ಲ, ಹೊಸಿಲ ಮೇಲೆ ನಿಂತ, ತಟ್ಟೆ ತಟ್ಟೆಯಲ್ಲೂ ಹುಳು ತಲೆ ಎತ್ತಿವೆ, ಹಿಂದಿನ ಕಾಲು ಊರಿ ಮುಂದಿನ ಅರ್ಧ ಮೈಯನ್ನು ಗಾಳಿಗೆ ಎತ್ತಿ, ಅತ್ತ, ಇತ್ತ, ಹಿಡಿಯಲು ಏನಾದರೂ ಸಿಕ್ಕೀತಾ ಅಂತ ತಡಕುತ್ತಿವೆ, ಸಾವಿರ ತಲೆ, ಸದ್ದೇ ಇಲ್ಲ, ಅವನು ಹಿಂದಕ್ಕೆ ಬಂದುಬಿಟ್ಟ, ಬೇಗ ಬಂದ, ಈ ವಯಸ್ಸಿಗೆ ಅಷ್ಟು ಬೇಗ ಬರಬಾರದು, ಜಗುಲಿಯ ಮೇಲೆ ಕೂತ, ಅಕ್ಕನ ಮನೆಯ ಮಾಡಿನ ನೆರಳು ಬೀದಿಯ ಆಚೆ ಅಂಚಿನಲ್ಲಿದೆ, ಅದು ಬೀದಿ ದಾಟಿ, ಚರಂಡಿ ಕಲ್ಲು ದಾಟಿ, ಜಗುಲಿಯ ಮೂರನೇ ಮೆಟ್ಟಿಲು ಹತ್ತಿ ಮಾಯವಾದರೆ ಹೊತ್ತು ಮುಳುಗಿದ ಹಾಗೆ, ಗಡಿಯಾರ ಬೇಡ. ಡಿಸೆಂಬರಿನ ಆ ಶನಿವಾರವೂ ಇಲ್ಲೇ ಕೂತಿದ್ದ, ಇದೇ ನೆರಳು ನೋಡುತ್ತ, ಶುಕ್ರವಾರ ರಾತ್ರಿಯಿಂದಲೇ ಪಟ್ಟಲಮ್ಮ ಎದೆ ಭಾರ ಅನ್ನುತ್ತಿದ್ದಳು, ಯಾರೋ ಒರಳುಕಲ್ಲು ಇಟ್ಟವ್ರೆ ಕಣಯ್ಯ, ತೆಗಿ ಅಂದ್ರೆ ತೆಗಿತಿಲ್ಲ ಅಂತ ನಗಲು ನೋಡಿದಳು, ಆಸ್ಪತ್ರೆಗೆ ಹೋಗಾನ ಅಂದ, ಹೊತ್ತು ಮುಳುಗ್ಲಿ, ಓಗಾನ ಅಂದಳು, ಇವತ್ತು ಬಸ್ಸು ಹತ್ತುದ್ರೆ ಡ್ರೈವರ್‌ಗೂ ಕೆಲ್ಸ, ಕಂಡಕ್ಟ್ರಿಗೂ ಕೆಲ್ಸ, ನನ್ ಎದೆಗೋಸ್ಕರ ಅವ್ರಿಗ್ಯಾಕೆ ಅಂದಳು, ಅವನು ಹೂಂ ಅಂದ, ಅವಳ ಮಾತಿಗೆ ಮೂವತ್ತು ವರ್ಷದಿಂದ ಹೂಂ ಅಂದವನು, ನೆರಳು ಚರಂಡಿ ಕಲ್ಲಿನ ಹತ್ತಿರ ಬಂದಾಗ ಅವಳ ಹಣೆ ಬೆವೆತಿತ್ತು, ಒರೆಸಿದ, ಮೊದಲ ಮೆಟ್ಟಿಲಿಗೆ ಬಂದಾಗ ಬಂತಾ ಅಂತ ಕೇಳಿದಳು, ಬಂತು ಇನ್ನೆರಡು ಮೆಟ್ಲು ಅಂದ, ಅವಳು ಕಣ್ಣು ಮುಚ್ಚಿದಳು, ಅವನು ಎದ್ದು ಹೋಗಿ ಯಾರದಾದರೂ ಗಾಡಿ ಕರೆಯಲಿಲ್ಲ, ಎರಡು ಮೆಟ್ಟಿಲು ನೋಡುತ್ತ ಕೂತ. ಹೊತ್ತು ಮುಳುಗಿದ ಮೇಲೆ ಆಟೋ ಬಂತು, ಮಳವಳ್ಳಿಯಲ್ಲಿ ಮಂಡ್ಯಕ್ಕೆ ಕರ್ಕೊಂಡು ಹೋಗಿ ಅಂದರು, ಆ ದಾರಿಯಲ್ಲಿ, ಇವನ ಭುಜಕ್ಕೆ ಒರಗಿದ್ದವಳು ಬಲಗೈ ಎತ್ತಿದಳು, ಮಾತಿಲ್ಲ, ಕೈ ಗಾಳಿಯಲ್ಲಿ ಅತ್ತ, ಇತ್ತ, ಏನೋ ಹುಡುಕುತ್ತಿತ್ತು, ಸಭೆಯ ಪುಸ್ತಕ ಕೇಳುತ್ತಿದ್ದಾಳೆ ಅಂದುಕೊಂಡ, ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಗೆ ಕೊಟ್ಟ, ಕೈ ಹಿಡಿಯಲಿಲ್ಲ, ನೀರಿನ ಬಾಟಲು ಕೊಟ್ಟ, ಹಿಡಿಯಲಿಲ್ಲ, ಟವಲು ಕೊಟ್ಟ, ಹಿಡಿಯಲಿಲ್ಲ, ಮಂಡ್ಯದ ಊರದೀಪ ಕಾಣುವ ಹೊತ್ತಿಗೆ ಕೈ ತಾನಾಗಿ ಇಳಿಯಿತು, ಅಲ್ಲಿ ಡಾಕ್ಟರು ಬೆಳಿಗ್ಗೇನೆ ಕರ್ಕೊಂಡು ಬಂದಿದ್ರೆ ಅಂದರು, ಮುಂದಿನದು ಹೇಳಲಿಲ್ಲ, ಅವನು ಹೂಂ ಅಂದ.

ಮಣ್ಣು ಮಾಡಿದ ಮೇಲೆ ಪಾಸ್ಟ್ರು ಅವನನ್ನು ಪಕ್ಕಕ್ಕೆ ಕರೆದು, ಅಣ್ಣ, ಆಸ್ಪತ್ರೆಗೆ ಹೋಗೋದು ತಪ್ಪಲ್ಲ, ಬಸ್ಸು ಹತ್ತೋದೂ ತಪ್ಪಲ್ಲ, ನಿಮಗೆ ಯಾರು ಹೇಳಿದ್ದು ಅಂತ ಕೇಳಿದ್ದರು, ಬೈದು ಕೇಳಲಿಲ್ಲ, ಕಣ್ಣಲ್ಲಿ ನೀರಿಟ್ಟುಕೊಂಡೇ ಕೇಳಿದರು, ಯಾರೂ ಹೇಳಿರಲಿಲ್ಲ. ಚಾಪೆಯ ಮೇಲೆ ಕೂತು ಕಿವಿಯಲ್ಲಿ ಕೇಳಿ ಹಿಡಿದುಕೊಂಡ ದಿನ ಅದು, ಮೊದಲು ಉಳುವುದು ಬಿಟ್ಟರು, ಆಮೇಲೆ ಒಲೆ ಬಿಟ್ಟರು, ಆಮೇಲೆ ಹಾಲು, ಆಮೇಲೆ ಕರೆಂಟು, ಆಮೇಲೆ ಬಸ್ಸು, ಕೇಳಿದವರಾರು, ಬದು ಗಟ್ಟಿ ಇರಲಿ ಅಂತ ವರ್ಷವರ್ಷವೂ ಒಂದೊಂದು ಮಂಕರಿ ಮಣ್ಣು ತಂದು ಸುರಿದ ಹಾಗೆ ತಾವೇ ಸುರಿದುಕೊಂಡು ಬಂದರು, ಕೊನೆಗೆ ಬದುವೇ ಎಷ್ಟಾಯಿತು ಅಂದರೆ ಗದ್ದೆ ಕಾಣಿಸದ ಹಾಗೆ. ಈಗ ಹುಳ. ಎತ್ತಾಕು ಅಂದರೆ ಒಂದು ಮಾತು, ಅರ್ಧ ಗಳಿಗೆಯ ಮಾತು, ಶೋಭಿತಾಳ ಹದಿನಾರು ದಿನ ಉಳಿಯುತ್ತದೆ, ತೋಟ ಉಳಿಯುತ್ತದೆ, ಆದರೆ ಹುಳಕ್ಕಾಗಿ ಇವತ್ತು ಬಿಚ್ಚಬಹುದಾದ ದಿನವನ್ನು ಅವತ್ತು ಪಟ್ಟಲಮ್ಮನಿಗಾಗಿ ಬಿಚ್ಚಬಹುದಿತ್ತು ಅಂತಾಗುತ್ತದೆ, ಅದು ಬೇಡ, ಅದೊಂದು ಬೇಡ, ದಿನ ಅನ್ನುವುದು ಕಲ್ಲಿನ ಹಾಗೆ, ಯಾರಿಂದಲೂ ಅಲ್ಲಾಡುವುದಿಲ್ಲ ಅಂದುಕೊಂಡರೆ ಮೂರು ತಿಂಗಳು ಹೇಗೋ ಅನ್ನ ಇಳಿಯಿತು, ಇನ್ನು ಮುಂದೂ ಇಳಿಯುತ್ತದೆ, ಹುಳ ಹೋಗಲಿ, ತೋಟ ಹೋಗಲಿ, ಕಬ್ಬು ನೆಡಲಿ, ಅವಳು ಕಾದಳು, ಹುಳವೂ ಕಾಯಲಿ, ಆಗ ಎರಡೂ ಒಂದೇ ಆಗುತ್ತದೆ, ಯಾರೂ ಯಾರನ್ನೂ ಕೇಳುವ ಹಾಗಿರುವುದಿಲ್ಲ. ನೆರಳು ಬೀದಿಯ ನಡುವಿಗೆ ಬಂತು. ಶೋಭಿತಾ ಹುಳದ ಮನೆಯ ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದಾಳೆ, ಒಳಗೆ ನೋಡುತ್ತಿಲ್ಲ, ಇವನ ಕಡೆಯೂ ನೋಡುತ್ತಿಲ್ಲ, ಕಪ್ಪಾದ ಬೆರಳನ್ನು ಒಂದೊಂದಾಗಿ ಉಜ್ಜಿಕೊಳ್ಳುತ್ತಿದ್ದಾಳೆ, ಒಂದು ಸಲ ಮಾತ್ರ, ಯಾರಿಗೂ ಅಲ್ಲ ಅನ್ನುವ ಹಾಗೆ, ಕೆಳಗಿನ ತಟ್ಟೆಯವು ಕಸದಲ್ಲೇ ನೂಲು ಬುಡ್ತಾವೆ ಅಂದಳು, ದೂರು ಇರಲಿಲ್ಲ ಅದರಲ್ಲಿ, ಹೊತ್ತು ಮುಳುಗಲಿ ಅಂತ ಅವಳೂ ಕಾಯುತ್ತಿದ್ದಾಳೆ, ಇವನ ಮಾತಿಗೆ ಇವಳೂ ಹೂಂ ಅನ್ನುತ್ತಿದ್ದಾಳೆ — ಇವನು ಅವತ್ತು ಕೂತ ಹಾಗೇ ಇವಳು ಕೂತಿದ್ದಾಳೆ, ಹೀಗೆಯೇ ಕಾಲು ಮಡಿಸಿ, ಹೀಗೆಯೇ ಬಾಯಿ ಕಟ್ಟಿ.

ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ, ಮೊಣಕಾಲು ಲಟಕ್ಕೆಂದಾಗ ಗೊತ್ತಾಯಿತು, ಅಂಗಳ ದಾಟಿದ, ಬಿಸಿಲು ಬೆನ್ನಿಗೆ ಚುರುಗುಟ್ಟುತ್ತಿದೆ, ಚಂದ್ರಿಕೆ ಇಳ್ಸವ್ವ ಅಂದ. ಶೋಭಿತಾ ಗಡಬಡಿಸಿ ಎದ್ದಳು, ಅಟ್ಟದ ಕಡೆ ಹೋಗಲಿಲ್ಲ, ಬೀದಿಯ ಕಡೆ ನೋಡಿದಳು, ಇನ್ನೂ ಹೊತ್ತದೆ ಮಾವ ಅಂದಳು, ಮುದುಕ ಲೆಕ್ಕ ತಪ್ಪಿದನೇನೋ ಅನ್ನುವ ಹಾಗೆ ಮೆತ್ತಗೆ ಅಂದಳು. ಅದೆ ಕಣವ್ವ, ಗೊತ್ತು ನಂಗೆ ಅಂದ ಅವನು, ಇಳ್ಸು. ಅವಳು ಕಣ್ಣು ಎತ್ತಿ ಅವನ ಮುಖ ನೋಡಿದಳು, ಆ ಮುಖದಲ್ಲಿ ಏನು ಕಂಡಿತೋ, ಒಳಗೆ ಹೋದಳು, ಚಂದ್ರಿಕೆಗಳು ಗೋಡೆಗೆ ತಾಗಿ ಕೆಳಗಿಳಿಯುವ ಸದ್ದು, ಒಂದು, ಎರಡು, ಅಕ್ಕನ ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಾಳೆ, ಸೆರಗು ಸಿಕ್ಕಿಸಿಕೊಂಡು ಬೀದಿಗೆ ಇಳಿದಳು, ಬರಲಿ, ಎಲ್ಲರೂ ಬರಲಿ. ಹುಳದ ಮನೆಯ ಒಳಗೆ ತಂಪು, ಒದ್ದೆ ಗೋಣಿತಾಟಿನ ವಾಸನೆ, ಕೆಳಗಿನ ತಟ್ಟೆಯಲ್ಲಿ ಕೆಲವು ಆಗಲೇ ಹಿಕ್ಕೆ ಸುತ್ತಿಕೊಂಡು ಕೊಳಕು ನೂಲು ಬಿಟ್ಟಿವೆ, ಹೋದವು ಹೋದವು, ಉಳಿದವು ತುಂಬ ಇವೆ, ಅವನು ಬಗ್ಗಿ ಒಂದನ್ನು ಎತ್ತಿಕೊಂಡ, ತಣ್ಣಗೆ, ಮೆತ್ತಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗೆ, ಮೂವತ್ತು ವರ್ಷದಲ್ಲಿ ಮೊದಲನೇ ಸಲ ಶನಿವಾರ ಈ ಕೈ ಕೆಲಸ ಮಾಡುತ್ತಿದೆ, ಬಾನೇನೂ ಬೀಳಲಿಲ್ಲ, ಬಾನು ಬೀಳಲಿಲ್ಲವಲ್ಲ, ಅವತ್ತೂ ಬೀಳುತ್ತಿರಲಿಲ್ಲ, ಅಷ್ಟೇ, ಇಷ್ಟೇ ಆಗಿತ್ತಾ, ಒಂದು ಅಂಗಳ ದಾಟುವಷ್ಟು, ಶೋಭಿತಾ ಪಕ್ಕದಲ್ಲಿ ಪಟಪಟನೆ ಆರಿಸಿ ಬಿಡುತ್ತಿದ್ದಾಳೆ, ಬುಡಿ ಮಾವ, ಅಲ್ಲೇ ಸಂದಿಗೆ ಬುಡಿ ಅನ್ನುತ್ತಿದ್ದಾಳೆ, ಅವನು ಬಿಡಲು ಕೈ ಚಾಚಿದ, ಹುಳು ಇಳಿಯಲಿಲ್ಲ, ಅವನ ಬೆರಳಿಗೆ ಹಿಂದಿನ ಕಾಲು ಊರಿ ಮುಂದಿನ ಅರ್ಧ ಮೈ ಎತ್ತಿತು, ಗಾಳಿಯಲ್ಲಿ ಅತ್ತ ತಡಕಿತು, ಇತ್ತ ತಡಕಿತು, ಬುಡಿ ಮಾವ, ಅವನ ಇನ್ನೊಂದು ಕೈ ಅಲ್ಲೇ ಇತ್ತು, ಅವತ್ತು ಆಟೋದಲ್ಲೂ ಅಲ್ಲೇ ಇತ್ತು, ತೊಡೆಯ ಮೇಲೆ, ಖಾಲಿ, ಪುಸ್ತಕ ಕೊಟ್ಟ ಮೇಲೆ ಖಾಲಿ, ಬಾಟಲು ಕೊಟ್ಟ ಮೇಲೆ ಖಾಲಿ, ಟವಲು ಕೊಟ್ಟ ಮೇಲೆ ಖಾಲಿ, ಅವಳ ಕೈ ಗಾಳಿಯಲ್ಲಿ, ಅತ್ತ, ಇತ್ತ, ಪುಸ್ತಕ ಅಲ್ಲ, ನೀರಲ್ಲ, ಟವಲಲ್ಲ, ಎತ್ತಿದ ಕೈ, ಅತ್ತ, ಇತ್ತ, ಎತ್ತಿದ ಕೈ